ಜಾತಕ, ಕಾರ್ಣಿಕ, ಕಾಲಜ್ಞಾನ: ಸುರಪುರ ಸೀಮೆಯ ಭವಿಷ್ಯವಾಣಿಗಳು

ಸುರಪುರ ಮತ್ತು ರಂಗಂಪೇಟೆಗಳು ಜೋಡಿಯೂರುಗಳು. ಇವುಗಳ ಇತಿಹಾಸವನ್ನು ಓದುವವರಿಗೆ ಎಲ್ಲಿಯೋ ಒಂದು ಕಡೆ ಒಂದು ಜಾತಕದ ಪ್ರಸ್ತಾಪ ಎದುರಾಗದೆ ಇರದು. ಅದು ಸುರಪುರ ಸಂಸ್ಥಾನದ ಕೊನೆಯ ಅರಸ ರಾಜಾ ವೆಂಕಟಪ್ಪನಾಯಕನ ಜಾತಕ. 1841ರಲ್ಲಿ ಬಾಲಕ ಅರಸನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾನೆ. ರಾಜನು ತನ್ನ ಇಪ್ಪತ್ತನಾಲ್ಕನೆಯ ವರುಷದಲ್ಲಿ ಅಳಿಯುವನೆಂದು ಜಾತಕದಲ್ಲಿ ಬರೆದಿದ್ದಿತು. ತಾಯಿ ಈಶ್ವರಮ್ಮ ರಾಣಿಗೂ ಅರಮನೆಯ ಶಾಸ್ತ್ರಿಗೂ ಇದು ಗೊತ್ತಿತ್ತು. ಅವರಿಂದ ಟೇಲರನಿಗೂ ತಿಳಿಯಿತು. ಉಳಿದವರಿಂದ ಅದನ್ನು ಮರೆಮಾಡಲಾಗಿತ್ತು.

ಮುಂದೆ ನಡೆದುದು ಎಲ್ಲರೂ ಬಲ್ಲ ಇತಿಹಾಸ. 1853ರಲ್ಲಿ ರಾಜ್ಯಸೂತ್ರಗಳು ವೆಂಕಟಪ್ಪನಾಯಕನ ಕೈಗೆ ಬಂದವು. 1857ರ ನಿಶ್ಶಸ್ತ್ರೀಕರಣ ಶಾಸನವು ಆಯುಧವೇ ಬಾಳಾಗಿದ್ದ ಬೇಡರನ್ನು ಕೆರಳಿಸಿತು. ಆ ವರುಷದ ನವೆಂಬರಿನಲ್ಲಿ ಹಲಗಲಿಯ ಬೇಡರು ಬಂಡೆದ್ದರು. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ಸೋತ ಅರಸ ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕೊನೆಗೆ ನಾಲ್ಕು ವರುಷಗಳ ಸೆರೆವಾಸ ಎಂದು ಶಿಕ್ಷೆಯು ಹಂತಹಂತವಾಗಿ ಇಳಿಯಿತು. ಜಾತಕ ಸುಳ್ಳಾಯಿತೆಂದು ಭಾವಿಸಲು ಎಲ್ಲ ಕಾರಣಗಳೂ ಇದ್ದವು. ಆದರೆ ಸೆರೆಮನೆಗೆ ಒಯ್ಯುತ್ತಿದ್ದ ದಾರಿಯಲ್ಲಿ, ಹೈದರಾಬಾದಿನಿಂದ ಹೊರಟ ಸ್ವಲ್ಪದರಲ್ಲಿಯೇ, ಪಿಸ್ತೂಲಿನ ಗುಂಡು ತಗುಲಿ ಅರಸನು ಮರಣ ಹೊಂದಿದನು. ಆಗ ಅವನಿಗೆ ಇಪ್ಪತ್ತನಾಲ್ಕನೆಯ ವರುಷ. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಎರಡು ಬಗೆಯಾಗಿ ನುಡಿಯುತ್ತಾರೆ. ಶಾಸ್ತ್ರ ಸತ್ಯವಾಯಿತೆಂದು ಕೆಲವರು ತಲೆದೂಗುತ್ತಾರೆ. ಕಾಕತಾಳೀಯವೆಂದು ಕೆಲವರು ತಳ್ಳಿಹಾಕುತ್ತಾರೆ. ಎರಡೂ ಅವಸರದ ಮಾತುಗಳು. ಭವಿಷ್ಯವನ್ನು ಹೇಳುವ ಪದ್ಧತಿಗಳು ಲೋಕದ ಎಲ್ಲ ಜನಾಂಗಗಳಲ್ಲಿಯೂ ಇವೆ. ಅವು ಒಂದೇ ಜಾತಿಯವಲ್ಲ; ಅವುಗಳ ಕೆಲಸವೂ ಒಂದೇ ಅಲ್ಲ. ಕೃಷ್ಣಾ-ಭೀಮಾ ನದಿಗಳ ನಡುವಣ ಈ ಚಿಕ್ಕ ಸೀಮೆಯಲ್ಲಿಯೇ ಅವುಗಳ ಮುಖ್ಯ ಬಗೆಗಳೆಲ್ಲವೂ ದೊರೆಯುವುದರಿಂದ, ಇಲ್ಲಿಂದಲೇ ವಿಚಾರವನ್ನು ಆರಂಭಿಸುವುದು ಅನುಕೂಲ.

ಮೊದಲನೆಯದು ಗಣಿತವನ್ನು ಆಶ್ರಯಿಸಿದ ಜ್ಯೋತಿಷ. ಕನ್ನಡದಲ್ಲಿ ಇದಕ್ಕೆ ದೀರ್ಘವಾದ ಗ್ರಂಥಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1049ರಲ್ಲಿ, ಶ್ರೀಧರಾಚಾರ್ಯನು ರಚಿಸಿದ ‘ಜಾತಕತಿಲಕ’ವು ಕನ್ನಡದ ಮೊದಲ ಜ್ಯೋತಿಷಗ್ರಂಥವೆಂದು ಪ್ರಸಿದ್ಧವಾಗಿದೆ. ಅದಕ್ಕೂ ಕಾಲು ಶತಮಾನದ ಹಿಂದೆ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ನೆಲದೊಳಗಣ ನೀರನ್ನು ಕಾಣುವ ಬಗೆ, ವೃಕ್ಷಾಯುರ್ವೇದ, ಪಾಕ, ಶಕುನ ಇವೆಲ್ಲವೂ ಒಂದೇ ಸಾಲಿನಲ್ಲಿ ಕುಳಿತಿವೆ. ಆ ಕಾಲದವರಿಗೆ ಬಾವಿಯ ನೀರನ್ನು ಊಹಿಸುವುದೂ ನಾಳಿನ ಫಲವನ್ನು ಊಹಿಸುವುದೂ ಬೇರೆಬೇರೆ ವಿದ್ಯೆಗಳಾಗಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಸುಮಾರು 1300ರ ಅರ್ಹದ್ದಾಸನ ‘ರಟ್ಟಮತ’ವು ಮಳೆ, ಮಿಂಚು, ಭೂಕಂಪ, ಗ್ರಹಚಾರ ಮುಂತಾದವುಗಳ ಲಕ್ಷಣಗಳನ್ನು ಕುರಿತದ್ದು. ಆದಿಲಶಾಹಿಗಳ ವಿಜಾಪುರವೂ ಈ ವಿದ್ಯೆಗೆ ಹೊರತಾಗಿರಲಿಲ್ಲ. ಒಂದನೆಯ ಅಲಿ ಆದಿಲಶಹನ ಕಾಲದಲ್ಲಿ, 1570ರಲ್ಲಿ, ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಫಾರಸೀ ಗ್ರಂಥದಲ್ಲಿ ನಕ್ಷತ್ರವಿದ್ಯೆ, ಯಂತ್ರ-ಮಂತ್ರ, ದೇವತೆಗಳ ಚಿತ್ರ ಎಲ್ಲವೂ ಕೂಡಿಕೊಂಡಿವೆ. ಈಗ ಅದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಒಕ್ಕಲಿಗನ ಮಟ್ಟಿಗೆ ಜ್ಯೋತಿಷವೆಂದರೆ ಯುಗಾದಿಯ ಪಂಚಾಂಗಶ್ರವಣ. ಆ ದಿನ ಅವನು ಕಿವಿಗೊಡುವುದು ತನ್ನ ರಾಶಿಯ ಆಯವ್ಯಯಕ್ಕಿಂತ ಹೆಚ್ಚಾಗಿ ಮಳೆಯ ಫಲಕ್ಕೆ. ಮಿರಗದ ಮಳೆಯ ವಾಹನ ಯಾವುದು, ಆರಿದ್ರೆಯದು ಯಾವುದು, ಕಪ್ಪೆಯೋ ನರಿಯೋ ಕತ್ತೆಯೋ ಆನೆಯೋ ಎಂಬುದು ಹರಟೆಯ ವಿಷಯವಲ್ಲ. ಎರೆಯ ಭೂಮಿಯಲ್ಲಿ ಬಿಳಿಜೋಳವನ್ನು ನೆಚ್ಚಿ ಬದುಕಿದ ಸೀಮೆಗೆ ಹಿಂಗಾರು ಕೈಕೊಟ್ಟರೆ ಏನಾಗುವುದೆಂಬುದನ್ನು ಧಾತು-ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರ ವರೆಗಿನ ಬರ, ಕಲಿಸಿತ್ತು. ಕಾಲುವೆಯ ನೀರು ಬಂದಮೇಲೆ ಈ ಸೀಮೆಯ ಕೆಲವು ಭಾಗಗಳಲ್ಲಿ ಆ ಆತಂಕ ತಗ್ಗಿದೆ. ಪಂಚಾಂಗಶ್ರವಣ ಮಾತ್ರ ನಿಂತಿಲ್ಲ.

ಎರಡನೆಯದು ಶಕುನ ಮತ್ತು ಕಣಿ. ಹೊತ್ತು ಮೂಡುವ ಮುನ್ನವೇ ಓಣಿಗೆ ಬಂದು ಡಮರುವನ್ನು ನುಡಿಸುತ್ತ, ಹಾಲಕ್ಕಿಯ ನುಡಿಯನ್ನು ತಾನು ಬಲ್ಲೆನೆಂದು ಹೇಳಿಕೊಳ್ಳುವ ಬುಡಬುಡಿಕೆಯವನು, ಬುಟ್ಟಿಯನ್ನು ಕೆಳಗಿರಿಸಿ, ಮೊರದಲ್ಲಿ ಧಾನ್ಯ ಬೇಡಿ, ಮನೆಯೊಡತಿಯ ಕೈಹಿಡಿದು ಕಣಿ ಹೇಳುವ ಕೊರವಂಜಿ, ಪಂಜರದ ಗಿಳಿಯಿಂದ ಚೀಟಿ ತೆಗೆಯಿಸುವವನು, ಕವಡೆ ಹಾಕುವವನು, ದೇವರ ಮೇಲಿನ ಹೂವು ಬಲಕ್ಕೆ ಬಿದ್ದಿತೇ ಎಡಕ್ಕೆ ಬಿದ್ದಿತೇ ಎಂದು ನೋಡಿ ಪ್ರಸಾದ ಕೇಳುವ ಪೂಜಾರಿ. ಇವರಲ್ಲಿ ಕೊರವಂಜಿಯು ಯಕ್ಷಗಾನವನ್ನೂ ಸೇರಿ ರಂಗಭೂಮಿಯಲ್ಲಿ ಪಾತ್ರವಾಗಿ ನಿಂತಳು. 1942ರಲ್ಲಿ ರಾಶಿಯವರು ಆರಂಭಿಸಿದ ಹಾಸ್ಯಪತ್ರಿಕೆಗೂ ಅವಳ ಹೆಸರೇ ಒದಗಿತು. ಎಲ್ಲರ ಮನೆಯ ಗುಟ್ಟನ್ನೂ ಬಲ್ಲಂತೆ ನುಡಿಯುವವಳು ವಿಡಂಬನೆಗೆ ಒಪ್ಪುವವಳೇ ಸರಿ.

ಈ ಪದ್ಧತಿಯಲ್ಲಿ ಹೇಳುವವನಿಗಿಂತ ಕೇಳುವವನ ಪಾಲು ದೊಡ್ಡದು. ಪಶ್ಚಿಮ ಆಫ್ರಿಕದ ಯೊರುಬಾ ಜನರ ‘ಇಫಾ’ ಪದ್ಧತಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಹದಿನಾರು ತಾಳೆಬೀಜಗಳನ್ನು ಕೈಯಿಂದ ಕೈಗೆ ಬದಲಿಸಿ, ಉಳಿದ ಬೀಜಗಳ ಎಣಿಕೆಯಿಂದ ಗೆರೆಗಳನ್ನು ಎಳೆಯುತ್ತಾರೆ. ಹೀಗೆ ಮೂಡಬಹುದಾದ ಆಕೃತಿಗಳು ಒಟ್ಟು 256. ಒಂದೊಂದು ಆಕೃತಿಗೂ ಅನೇಕ ಪದ್ಯಗಳಿವೆ. ಪುರೋಹಿತನು ಅವುಗಳನ್ನು ಒಂದಾದಮೇಲೊಂದು ಹಾಡುತ್ತಾನೆ; ಬಂದವನು ತನ್ನ ಸಂಕಟಕ್ಕೆ ಹೊಂದುವ ಪದ್ಯವನ್ನು ತಾನೇ ಗುರುತಿಸಿಕೊಳ್ಳುತ್ತಾನೆ. ಬೀಜಗಳು ಆಡಿದ ಮಾತು ಅದೆಂದು ಅವನು ನಂಬಿ ಹೋಗುತ್ತಾನೆ. ಯುನೆಸ್ಕೊ ಸಂಸ್ಥೆಯು 2005ರಲ್ಲಿ ಈ ಪರಂಪರೆಯನ್ನು ಮಾನವಕುಲದ ಶ್ರೇಷ್ಠ ಸಂಪತ್ತುಗಳಲ್ಲೊಂದೆಂದು ಘೋಷಿಸಿತು. ಇಂಥ ಗೌರವ ಕೊರವಂಜಿಗೆ ದೊರೆಯಲಿಲ್ಲ. ಅವಳ ಪದಗಳನ್ನು ಸಂಗ್ರಹಿಸಿದವರೂ ಕಡಿಮೆ.

ಮೂರನೆಯದು ಕಾರ್ಣಿಕ. ಇಲ್ಲಿ ಗಣಿತವಿಲ್ಲ, ಕವಡೆಯಿಲ್ಲ. ದೈವವೇ ಒಬ್ಬನ ಮೈದುಂಬಿ ನುಡಿಯುತ್ತದೆಂಬ ನಂಬಿಕೆ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯ ಸಮಯಕ್ಕೆ ನಡೆಯುವ ಕಾರ್ಣಿಕವು ನಾಡಿಗೆಲ್ಲ ಪ್ರಸಿದ್ಧ. ಹಲವು ದಿನಗಳ ಉಪವಾಸವಿದ್ದ ಗೊರವಯ್ಯನು ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರುತ್ತಾನೆ. ಲಕ್ಷಾಂತರ ಜನ ನೆರೆದ ಬಯಲು. ‘ಸದ್ದಲೇ’ ಎಂದು ಅವನು ಕೂಗಿದೊಡನೆ ಜನಸಾಗರ ಸ್ತಬ್ಧವಾಗುತ್ತದೆ. ಒಂದೇ ಒಂದು ಸಣ್ಣ ವಾಕ್ಯ, ಕೊನೆಯಲ್ಲಿ ‘ಪರಾಕ್’. ಅಷ್ಟನ್ನು ನುಡಿದು ಮೇಲಿನಿಂದ ಬೀಳುತ್ತಾನೆ. ಕೆಳಗಿದ್ದ ಭಕ್ತರು ಹಿಡಿದುಕೊಳ್ಳುತ್ತಾರೆ. ಮೈಲಾರಲಿಂಗನ ಭಕ್ತಿ ಈ ಸೀಮೆಯಲ್ಲಿಯೂ ದಟ್ಟವಾಗಿದೆ. ಯಾದಗಿರಿ ತಾಲೂಕಿನ ಮೈಲಾಪುರದ ಮಲ್ಲಯ್ಯನ ಜಾತ್ರೆ ಮಕರ ಸಂಕ್ರಾಂತಿಗೆ ನಡೆಯುತ್ತದೆ. ಅಲ್ಲಿ ಭಕ್ತರು ಕಬ್ಬಿಣದ ಸರಪಳಿ ಹರಿಯುವುದು ಪ್ರಸಿದ್ಧವಾಗಿದೆ.

ಕಾರ್ಣಿಕದ ವಾಕ್ಯವು ಎಷ್ಟು ಚಿಕ್ಕದೋ ಅದರ ಅರ್ಥ ಅಷ್ಟು ಹರಡಿಕೊಳ್ಳುತ್ತದೆ. ರೈತನು ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಚುನಾವಣೆಯನ್ನು. ವರುಷ ಕಳೆದಮೇಲೆ ಯಾವ ಘಟನೆ ನಡೆದಿದೆಯೋ ಅದಕ್ಕೆ ವಾಕ್ಯ ಹೊಂದಿಕೊಳ್ಳುತ್ತದೆ. ಗ್ರೀಸ್ ದೇಶದ ಡೆಲ್ಫಿಯಲ್ಲಿ ಅಪೊಲೊ ದೇವನ ಪೂಜಾರಿಣಿಯೂ ಹೀಗೆಯೇ ಆವೇಶದಲ್ಲಿ ನುಡಿಯುತ್ತಿದ್ದಳು. ಲಿಡಿಯದ ದೊರೆ ಕ್ರೀಸಸನು ಪಾರಸಿಕರ ಮೇಲೆ ಯುದ್ಧಕ್ಕೆ ಹೋಗಲೇ ಎಂದು ಕೇಳಿಸಿದಾಗ, ಹೋದರೆ ಒಂದು ದೊಡ್ಡ ಸಾಮ್ರಾಜ್ಯ ನಾಶವಾಗುವುದೆಂಬ ಉತ್ತರ ಬಂದಿತೆಂದು ಹೆರೊಡೊಟಸನು ಬರೆದಿದ್ದಾನೆ. ದೊರೆ ಹರ್ಷದಿಂದ ಹ್ಯಾಲಿಸ್ ನದಿಯನ್ನು ದಾಟಿದನು. ನಾಶವಾದುದು ಅವನದೇ ಸಾಮ್ರಾಜ್ಯ. ಯಾರ ಸಾಮ್ರಾಜ್ಯವೆಂದು ಅವನು ಇನ್ನೊಮ್ಮೆ ಕೇಳಬೇಕಾಗಿತ್ತೆಂದು ಡೆಲ್ಫಿಯವರು ಆಮೇಲೆ ಸಮಾಧಾನ ಹೇಳಿದರಂತೆ. ಸೋತವನಿಗೆ ಸಿಗುವ ಇಂಥ ಸಮಾಧಾನ ಎಲ್ಲ ಭಾಷೆಗಳಲ್ಲಿಯೂ ಇದೆ.

ಪ್ರಾಚೀನರೆಲ್ಲರೂ ಹೀಗೆ ಜಾರಿಕೊಂಡರೆಂದು ಹೇಳಲಾಗದು. ಚೀನದ ಶಾಂಗ್ ವಂಶದ ಅರಸರು ಆಮೆಯ ಚಿಪ್ಪು, ದನದ ಹೆಗಲಮೂಳೆ ಇವುಗಳಿಗೆ ಕಾವು ಕೊಟ್ಟು, ಮೂಡಿದ ಬಿರುಕುಗಳಿಂದ ಫಲವನ್ನು ತಿಳಿಯುತ್ತಿದ್ದರು. ಕೇಳಿದ ಪ್ರಶ್ನೆಯನ್ನು ಆ ಮೂಳೆಯ ಮೇಲೆಯೇ ಕೊರೆಯಿಸುತ್ತಿದ್ದರು. ಕೆಲವೊಮ್ಮೆ ಆಮೇಲೆ ನಡೆದುದನ್ನೂ ಕೊರೆಯಿಸಿದರು. ಕ್ರಿ.ಪೂ. 1200ರ ಸುಮಾರಿಗೆ ವು ಡಿಂಗ್ ಎಂಬ ಅರಸನು ತನ್ನ ರಾಣಿ ಫು ಹಾವೊ ಹೆರುವ ದಿನವನ್ನು ಕುರಿತು ಕೇಳಿದ್ದ ಮೂಳೆಯೊಂದಿದೆ. ಇಂಥಿಂಥ ದಿನ ಹೆತ್ತರೆ ಶುಭವೆಂದು ಅರಸನೇ ಬಿರುಕನ್ನು ನೋಡಿ ಹೇಳಿದನು. ಮೂವತ್ತೊಂದು ದಿನಗಳಾದಮೇಲೆ ಬೇರೊಂದು ದಿನ ಹೆರಿಗೆಯಾಯಿತು, ಶುಭವಾಗಲಿಲ್ಲ, ಹುಟ್ಟಿದ್ದು ಹೆಣ್ಣು ಎಂದು ಕೆಳಗೆ ಕೊರೆದಿದ್ದಾರೆ. ಹೆಣ್ಣು ಹುಟ್ಟಿದ್ದನ್ನು ಅಶುಭವೆಂದ ಆ ಕಾಲದ ಬುದ್ಧಿಯನ್ನು ಯಾರೂ ಮೆಚ್ಚರು. ಆದರೂ ಮೂರು ಸಾವಿರ ವರುಷಗಳ ಹಿಂದೆ ಪ್ರಶ್ನೆಯೊಡನೆ ಪರಿಣಾಮವನ್ನೂ ಬರೆದಿಟ್ಟ ಆ ಲಿಪಿಕಾರನ ಪ್ರಾಮಾಣಿಕತೆ ಸಾಮಾನ್ಯವಾದುದಲ್ಲ.

ಇಲ್ಲಿಯೇ ವೆಂಕಟಪ್ಪನಾಯಕನ ಜಾತಕದ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಬಹುದು. ಆ ಕಥೆ ಲೋಕಕ್ಕೆ ಹರಡಿದ್ದು ಟೇಲರನ ಗ್ರಂಥದ ಮೂಲಕ. ಟೇಲರನು 1876ರಲ್ಲಿ ತೀರಿಕೊಂಡನು. ಆತ್ಮಕಥೆ ಪ್ರಕಟವಾದದ್ದು 1877ರಲ್ಲಿ. ಅರಸನು ಸತ್ತು ಆಗಲೇ ಹತ್ತೊಂಬತ್ತು ವರುಷಗಳಾಗಿದ್ದವು. ಅಂದರೆ ಭವಿಷ್ಯವಾಣಿಯನ್ನು ಲೋಕವು ಕೇಳಿದ್ದು ಅದು ಫಲಿಸಿದ ಮೇಲೆ. ಟೇಲರನು ಸುಳ್ಳು ಬರೆದನೆಂದು ಇದರ ಅರ್ಥವಲ್ಲ. ಅವನು ಸುರಪುರವನ್ನು ಪ್ರೀತಿಸಿದವನು. ಅರಸನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಆದರೆ ಅವನು ಭವಿಷ್ಯವಾಣಿಗಳಲ್ಲಿ ಆಸಕ್ತಿಯಿದ್ದ ಕಾದಂಬರಿಕಾರನೂ ಆಗಿದ್ದನು. ಪ್ಲಾಸಿಯ ಕಾಳಗದಿಂದ ನೂರು ವರುಷಕ್ಕೆ ಕಂಪನಿಯ ಆಳ್ವಿಕೆ ಮುಗಿಯುವುದೆಂಬ ಮಾತು 1857ರಲ್ಲಿ ದೇಶದಲ್ಲೆಲ್ಲ ಹಬ್ಬಿದ್ದಿತಷ್ಟೆ. ಟೇಲರನ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಎಂಬ ಮೂರು ಕಾದಂಬರಿಗಳು 1657, 1757, 1857 ಎಂದು ನೂರು ನೂರು ವರುಷಗಳ ಅಂತರದಲ್ಲಿ ನಿಂತಿವೆ. ಕಾಲವು ಲೆಕ್ಕ ಹಿಡಿದು ನಡೆಯುತ್ತದೆಂಬ ಭಾವನೆ ಅವನಿಗೆ ಹಿಡಿಸಿದ್ದಿತು.

ಇನ್ನೊಂದು ಮಾತಿದೆ. ಆ ಕಾಲದ ಸಂಸ್ಥಾನಗಳಲ್ಲಿ ಜಾತಕವಿಲ್ಲದ ಅರಸುಮಕ್ಕಳು ಎಷ್ಟು ಮಂದಿ ಇದ್ದಾರು? ಸುಳ್ಳಾದ ಜಾತಕಗಳ ಕಥೆಯನ್ನು ಯಾರೂ ಬರೆಯಲಿಲ್ಲ. ಗ್ರೀಕರ ಡಯಾಗೊರಸನೆಂಬ ನಾಸ್ತಿಕನಿಗೆ ದೇವಾಲಯವೊಂದರಲ್ಲಿ ಹರಕೆಯ ಚಿತ್ರಫಲಕಗಳನ್ನು ತೋರಿಸಿ, ಸಮುದ್ರದ ಬಿರುಗಾಳಿಯಿಂದ ದೇವರು ಕಾಪಾಡಿದವರು ಎಷ್ಟು ಜನ ನೋಡು ಎಂದರಂತೆ. ಮುಳುಗಿ ಸತ್ತವರು ಫಲಕಗಳನ್ನು ಬರೆಯಿಸಲಾರರೆಂದು ಅವನು ಉತ್ತರ ಕೊಟ್ಟನೆಂದು ರೋಮಿನ ಸಿಸೆರೊ ಹೇಳಿದ್ದಾನೆ. ಸಿಸೆರೊ ಸ್ವತಃ ರೋಮಿನ ಪಕ್ಷಿಶಕುನದ ಅಧಿಕೃತ ಮಂಡಲಿಯ ಸದಸ್ಯನಾಗಿದ್ದು, ಕ್ರಿ.ಪೂ. 44ರಲ್ಲಿ ಶಕುನವಿದ್ಯೆಯನ್ನೇ ಖಂಡಿಸಿ ಗ್ರಂಥ ಬರೆದನೆಂಬುದು ಸ್ವಾರಸ್ಯವಾದ ಸಂಗತಿ.

ಜಾತಕವು ವರುಷವನ್ನು ಹೇಳಿತೆಂದೇ ಇಟ್ಟುಕೊಂಡರೂ ಆ ಸಾವಿನ ಅರ್ಥವನ್ನು ಅದು ಹೇಳಲಿಲ್ಲ. ಸೆರೆಯಲ್ಲಿದ್ದ ಅರಸನನ್ನು ಟೇಲರನು ಕಂಡಾಗ, ತನ್ನನ್ನು ಕಳ್ಳನಂತೆ ನೇಣಿಗೇರಿಸಬಾರದು, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂಬ ಅಭಿಪ್ರಾಯವನ್ನು ಅವನು ವ್ಯಕ್ತಪಡಿಸಿದನು. ತನ್ನನ್ನು ಪ್ರೇರಿಸಿದವರ ಹೆಸರುಗಳನ್ನು ಹೇಳಲು ಒಪ್ಪಲಿಲ್ಲ. ಇಪ್ಪತ್ತನಾಲ್ಕರ ತರುಣನೊಬ್ಬನು ಹಾಗೆ ನಿಂತುದು ಯಾವ ಗ್ರಹದ ದೃಷ್ಟಿಯಿಂದ? ಸುರಪುರದ ಜನ ಇಂದಿಗೂ ಅವನನ್ನು ನೆನೆಯುವುದು ಈ ನಿಲುವಿಗಾಗಿ. ಜಾತಕ ಫಲಿಸಿತೆಂಬುದಕ್ಕಾಗಿ ಅಲ್ಲ.

ಕಾಲದ ಭಯವನ್ನು ಕುರಿತು ಹನ್ನೆರಡನೆಯ ಶತಮಾನದ ಶರಣರ ನಿಲುವು ಸಂದಿಗ್ಧವಾದುದಲ್ಲ. ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿಕೊಂಡಿದ್ದ ಬಸವಣ್ಣನವರು ಲಗ್ನ, ರಾಶಿಕೂಟ, ವಾರಬಲ ಇವುಗಳನ್ನು ಹುಡುಕುತ್ತ ಕೂಡುವುದನ್ನು ತಮ್ಮ ವಚನಗಳಲ್ಲಿ ನೇರವಾಗಿಯೇ ನಿರಾಕರಿಸಿದರು. ಶಿವನಿಗೆ ಶರಣಾದವನಿಗೆ ಎಲ್ಲ ದಿನಗಳೂ ಶಿವನವೇ. ಕೆಲವು ಹೊತ್ತು ಒಳ್ಳೆಯದು, ಕೆಲವು ಕೆಟ್ಟದ್ದೆಂದರೆ ದೇವರನ್ನು ಹಂಚಿದಂತಾಗುತ್ತದೆಂಬುದು ಆ ನಿಲುವಿನ ಹಿಂದಿರುವ ತರ್ಕ. ಇದಕ್ಕೆ ಲೌಕಿಕವಾದ ಮುಖವೂ ಇದೆ. ಮುಹೂರ್ತವನ್ನು ಕೇಳಬೇಕಾದರೆ ಹೇಳುವವನೊಬ್ಬನು ಬೇಕು. ಅವನಿಗೆ ಕಾಣಿಕೆ ಬೇಕು. ಶ್ರಮದಿಂದ ಬದುಕುವವನು ತನ್ನ ಕೆಲಸದ ಹೊತ್ತನ್ನು ಮತ್ತೊಬ್ಬನ ಕೈಗೆ ಕೊಡಬೇಕು. ಕಾಯಕವನ್ನು ಎತ್ತಿಹಿಡಿದವರಿಗೆ ಇದು ಒಪ್ಪಿಗೆಯಾಗುವಂತಿರಲಿಲ್ಲ.

ಹಾಗಿದ್ದರೂ ಅದೇ ಪರಂಪರೆಯೊಳಗೆ ಕಾಲಜ್ಞಾನವೆಂಬ ವಿಪುಲವಾದ ಸಾಹಿತ್ಯ ಬೆಳೆಯಿತು. ಚೆನ್ನಬಸವಣ್ಣ, ಸಿದ್ಧರಾಮ, ಸರ್ವಜ್ಞ ಮೊದಲಾದವರ ಹೆಸರುಗಳಲ್ಲಿ ಕಾಲಜ್ಞಾನಗಳು ಪ್ರಚಾರದಲ್ಲಿವೆ. ಆಂಧ್ರದ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳ ಕಾಲಜ್ಞಾನ ಪ್ರಸಿದ್ಧವೇ ಆಗಿದೆ. ಈ ಸೀಮೆಯ ಮಟ್ಟಿಗೆ ಈ ಸಾಹಿತ್ಯದ ಕೇಂದ್ರ ಕೊಡೇಕಲ್ಲು. ಮೊದಲು ಸುರಪುರ ತಾಲೂಕಿಗೆ ಸೇರಿದ್ದು, ಈಗ ಹುಣಸಗಿ ತಾಲೂಕಿನಲ್ಲಿದೆ. ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನವರ ಪಂಥದಲ್ಲಿ ಕಾಲಜ್ಞಾನದ ಹೊತ್ತಿಗೆಗಳು ಪೂಜ್ಯವಾಗಿ ಉಳಿದಿವೆ. ಅವುಗಳಲ್ಲಿ ಕೆಲವು ‘ಅಮರಗನ್ನಡ’ವೆಂಬ ಗೂಢಲಿಪಿಯಲ್ಲಿವೆ, ಪಂಥದ ಒಳಗಿನವರಲ್ಲದವರು ಓದಲಾರದಂತೆ ಅಕ್ಷರಗಳನ್ನು ಪಲ್ಲಟಗೊಳಿಸಿ ಬರೆದವು. ತಿಂಥಣಿಯ ಮೌನಪ್ಪಯ್ಯನವರ ಕ್ಷೇತ್ರದಂತೆ ಇಲ್ಲಿಯೂ ಹಿಂದೂ-ಮುಸಲ್ಮಾನ ಸಂಪ್ರದಾಯಗಳು ಬೆರೆತಿವೆ.

ಲಗ್ನವನ್ನು ನಿರಾಕರಿಸಿದವರ ಮರಿಮಕ್ಕಳು ಕಾಲಜ್ಞಾನವನ್ನು ಹೇಗೆ ಒಪ್ಪಿದರು? ಇದು ವಿರೋಧವೆಂದು ಮೇಲುನೋಟಕ್ಕೆ ತೋರಿದರೂ ಎರಡರ ವಿಷಯ ಬೇರೆ. ಜಾತಕವು ಒಬ್ಬನ ಮದುವೆ, ಐಶ್ವರ್ಯ, ಆಯುಸ್ಸನ್ನು ಹೇಳುತ್ತದೆ. ಕಾಲಜ್ಞಾನದಲ್ಲಿ ‘ನಾನು’ ಎಂಬುದಿಲ್ಲ. ಅದು ಒಂದು ಸಮೂಹದ ಕಥೆ. ಕಲ್ಯಾಣ ಹಾಳಾಯಿತು, ಶರಣರು ಚದುರಿದರು, ಅನ್ಯಾಯದ ಅರಸರು ಬಂದರು, ಮಳೆ ತಪ್ಪಿತು, ನಡೆ ಕೆಟ್ಟಿತು, ಒಂದು ದಿನ ವೀರವಸಂತರಾಯನು ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನು. ಸೋತವರು ತಮ್ಮ ಸೋಲನ್ನು ಅರ್ಥಮಾಡಿಕೊಳ್ಳಲು, ಅದು ಕೊನೆಯಲ್ಲವೆಂದು ಮಕ್ಕಳಿಗೆ ಹೇಳಲು ಕಟ್ಟಿಕೊಂಡ ಇತಿಹಾಸವಿದು. ಮುಂದಣ ಕಾಲದ ವೇಷ ತೊಟ್ಟಿದ್ದರೂ ಇದರ ಕಣ್ಣು ಬಹುಮಟ್ಟಿಗೆ ಹಿಂದಕ್ಕೇ ಇದೆ.

ಈ ವಾಣಿಗಳ ಒಂದು ತಂತ್ರ ವಿಶೇಷವಾಗಿ ಗಮನಿಸತಕ್ಕದ್ದು. ಕಾಲಜ್ಞಾನವು ಸಾಮಾನ್ಯವಾಗಿ ಶಕವರುಷವನ್ನು ಹೇಳುವುದಕ್ಕಿಂತ ಸಂವತ್ಸರದ ಹೆಸರನ್ನು ಹೇಳುತ್ತದೆ. ಸಂವತ್ಸರಗಳು ಅರವತ್ತು, ಮುಗಿದೊಡನೆ ಮತ್ತೆ ಮೊದಲಾಗುತ್ತವೆ. ‘ಆನಂದ’ವೆಂದು ಹೇಳಿದರೆ ಅದು 1914ರಲ್ಲಿಯೂ ಬಂದಿತು, 1974ರಲ್ಲಿಯೂ ಬಂದಿತು, 2034ರಲ್ಲಿಯೂ ಬರುತ್ತದೆ. ಹೇಳಿದ ವರುಷ ಏನೂ ಆಗದೆ ಕಳೆದರೆ ವಾಣಿ ಸುಳ್ಳಾಗುವುದಿಲ್ಲ. ಅರವತ್ತು ವರುಷ ಮುಂದಕ್ಕೆ ಹೋಗುತ್ತದೆ. ಒಬ್ಬ ಮನುಷ್ಯನ ನೆನಪಿಗೂ ಅವನ ಮೊಮ್ಮಗನ ನೆನಪಿಗೂ ನಡುವೆ ಅಷ್ಟೇ ಅಂತರ. ತಾತನ ನಿರಾಶೆ ಮೊಮ್ಮಗನಿಗೆ ನಿರೀಕ್ಷೆಯಾಗಿ ದೊರೆಯುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಕಾಲಜ್ಞಾನವು ಬೇರೊಂದು ಕಾರಣಕ್ಕೆ ಬೆಲೆಯುಳ್ಳದ್ದು. ಹನ್ನೆರಡನೆಯ ಶತಮಾನದವರ ಬಾಯಲ್ಲಿ ಇಡಲಾದ ವಾಣಿಯಲ್ಲಿ ಆಮೇಲಿನ ಅರಸರ ಹೆಸರು, ಅವರ ಏಳುಬೀಳುಗಳು ನಿಖರವಾಗಿ ಬರುತ್ತಿದ್ದು, ಒಂದು ಹಂತದಿಂದಾಚೆಗೆ ಎಲ್ಲವೂ ಮಬ್ಬಾಗಿ, ಬಿರುಗಾಳಿ, ರಕ್ತದ ಹೊಳೆ, ವಸಂತರಾಯನ ಆಗಮನ ಎಂಬ ಸಾಮಾನ್ಯ ಮಾತುಗಳು ಮೊದಲಾದರೆ, ಬರೆದವನು ಬದುಕಿದ್ದುದು ಆ ಸಂಧಿಯಲ್ಲಿಯೇ ಎಂದು ತಿಳಿಯಬೇಕು. ಈ ಸಂಧಿಯನ್ನು ಹುಡುಕುವುದೇ ಕಾಲಜ್ಞಾನದ ಕಾಲನಿರ್ಣಯಕ್ಕೆ ನಂಬತಕ್ಕ ದಾರಿ. ವಿರೂಪಾಕ್ಷಪಂಡಿತನ ‘ಚೆನ್ನಬಸವಪುರಾಣ’ದಲ್ಲಿ ಚೆನ್ನಬಸವಣ್ಣನು ಸಿದ್ಧರಾಮನಿಗೆ ಮುಂದೆ ಆಗುವುದನ್ನು ಹೇಳುವ ಭಾಗವನ್ನು ಓದುವವರು, ಆ ಕಾವ್ಯ ರಚಿತವಾದದ್ದು 1584ರಲ್ಲಿ ಎಂಬುದನ್ನು ಮರೆಯಬಾರದು. ವಿಜಯನಗರವು ರಕ್ಕಸತಂಗಡಗಿಯ ಕಾಳಗದಲ್ಲಿ ಸೋತುದು 1565ರಲ್ಲಿ. ಆ ಹತ್ತೊಂಬತ್ತು ವರುಷಗಳ ಹಾಳುಬಿದ್ದ ನಗರವನ್ನು ಕವಿಯ ತಲೆಮಾರು ಕಣ್ಣಾರೆ ಕಂಡಿದ್ದಿತು. ಅಮರಗನ್ನಡದ ಹೊತ್ತಿಗೆಗಳನ್ನೂ ಇದೇ ಕ್ರಮದಲ್ಲಿ, ಪ್ರತಿಯಿಂದ ಪ್ರತಿಗೆ ಹೋಲಿಸಿ, ಸಂಧಿಯಿಂದ ಸಂಧಿಗೆ ಗುರುತಿಟ್ಟು ಓದಿದರೆ, ಆದಿಲಶಾಹಿಗಳ ಕಾಲದಲ್ಲಿ ಕೃಷ್ಣೆಯ ದಂಡೆಯ ಒಕ್ಕಲುಮಕ್ಕಳು ತಮ್ಮ ಅರಸರನ್ನು ಕುರಿತು ಏನು ಯೋಚಿಸುತ್ತಿದ್ದರೆಂಬುದಕ್ಕೆ, ಯಾವ ಫಾರಸೀ ತವಾರೀಖಿನಲ್ಲಿಯೂ ಸಿಗದ ಉತ್ತರಗಳು ಸಿಗುವುದು ಸಾಧ್ಯ.